ತಡವಾಗಿ ತಲುಪುವ ನೋಟಿಸು

ನಿವೃತ್ತಿಯ ನಾಲ್ಕನೆಯ ವರ್ಷ, 2022ರ ಬೇಸಿಗೆಯಲ್ಲಿ ನನ್ನ ತೂಕ ಆರು ಕಿಲೊ ಇಳಿಯಿತು. ಉದ್ಯಾನದಲ್ಲಿ ಜತೆಗೂಡುವ ಗೆಳೆಯರು ಅಭಿನಂದಿಸಿದರು. ನಾನೂ ಅದನ್ನು ಬೆಳಗಿನ ನಡಿಗೆಯ ಫಲವೆಂದೇ ಸ್ವೀಕರಿಸಿದೆ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಿದ್ದುದನ್ನು ವಯಸ್ಸಿನ ಖಾತೆಗೆ ಬರೆದೆ, ಬಾಯಾರಿಕೆಯನ್ನು ಬಿಸಿಲಿನ ಖಾತೆಗೆ. ಹಾಸಿಗೆಯ ಪಕ್ಕದ ತಂಬಿಗೆ ಬೆಳಗಾಗುವುದರೊಳಗೆ ಬರಿದಾಗುತ್ತಿದ್ದುದನ್ನು ಗಮನಿಸಿದ ಮಡದಿ, ‘ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಬಿಡಿ’ ಎಂದು ಎರಡು ಬಾರಿ ಹೇಳಿದ್ದಳು. ಸೇವಾವಧಿಯುದ್ದಕ್ಕೂ ಅನ್ಯರ ಅರ್ಜಿಗಳ ಮೇಲೆ ‘ಪರಿಶೀಲಿಸಿ’ ಎಂದು ಷರಾ ಬರೆದವನು ಈ ಒಂದು ಸಲಹೆಯನ್ನು ಪರಿಶೀಲಿಸಲಿಲ್ಲ.

ವಿಷಯ ಬಯಲಾದದ್ದು ಕನ್ನಡಕದ ದೆಸೆಯಿಂದ. ಒಂದೇ ವರ್ಷದಲ್ಲಿ ಎರಡನೆಯ ಸಲ ಕನ್ನಡಕ ಬದಲಿಸಲು ಹೋದಾಗ ಅಂಗಡಿಯವರು ನೇತ್ರತಜ್ಞರನ್ನು ಕಾಣುವಂತೆ ಸೂಚಿಸಿದರು. ಅಕ್ಷಿಪಟಲವನ್ನು ಪರೀಕ್ಷಿಸಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ: ‘ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ?’ ಇಲ್ಲವೆಂದೆ. ಮರುದಿನ ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆಯ ಪ್ರಮಾಣ 242 ಇತ್ತು. ಕಾಯಿಲೆಗೆ ನಾವು ಹೆಸರಿಡುವ ಮುನ್ನವೇ ಅದು ಕಣ್ಣಿನೊಳಗಿನ ಸೂಕ್ಷ್ಮ ರಕ್ತನಾಳಗಳಿಗೆ ಹಾನಿ ಮಾಡಿತ್ತು.

ಮನೆಗೆ ಬಂದು ಹಳೆಯ ಕಡತಗಳನ್ನು ತೆಗೆದೆ. 2016ರ ವರದಿಯೊಂದರಲ್ಲಿ ಅದೇ ಪ್ರಮಾಣ 118 ಎಂದಿತ್ತು. ಬರಿಹೊಟ್ಟೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಮುಟ್ಟಿದರೆ ಮಧುಮೇಹ. 100ರಿಂದ 125ರವರೆಗಿನದು ಪೂರ್ವ ಮಧುಮೇಹ. ನಡಿಗೆ, ಆಹಾರ ಮತ್ತು ತೂಕದ ಹತೋಟಿಯಿಂದ ಹಲವರು ರೋಗವನ್ನು ಮುಂದೂಡಬಹುದಾದ, ತಪ್ಪಿಸಲೂಬಹುದಾದ ಘಟ್ಟವದು. ನಾನಾದರೋ ‘ಮಧುಮೇಹವಿಲ್ಲ’ ಎಂದಷ್ಟೇ ಓದಿಕೊಂಡು ಕಡತ ಮುಚ್ಚಿದ್ದೆ.

ಲಕ್ಷಣಗಳನ್ನು ಕಡೆಗಣಿಸಿದ್ದೇ ನನ್ನ ತಪ್ಪು ಎಂದು ಬಹುಕಾಲ ಭಾವಿಸಿದ್ದೆ. ಈಗ ಹಾಗನ್ನಿಸುವುದಿಲ್ಲ. ಲಕ್ಷಣಗಳಿಗಾಗಿ ಕಾದದ್ದೇ ದೊಡ್ಡ ತಪ್ಪು. ಮೂತ್ರಪಿಂಡಗಳು ಸೋಸಿದ ಸಕ್ಕರೆಯನ್ನು ಮತ್ತೆ ರಕ್ತಕ್ಕೆ ಮರಳಿಸುತ್ತವೆ. ಸಾಮಾನ್ಯವಾಗಿ ರಕ್ತದ ಸಕ್ಕರೆ 180ರ ಆಸುಪಾಸನ್ನು ಮೀರಿದಾಗಲೇ ಅದು ಮೂತ್ರಕ್ಕೆ ಸೋರಿ, ಜತೆಗೆ ನೀರನ್ನೂ ಸೆಳೆದೊಯ್ಯುತ್ತದೆ. ಪದೇ ಪದೇ ಮೂತ್ರ, ತೀರದ ದಾಹ ಹುಟ್ಟುವುದು ಆಗ. ಅಂದರೆ 126ರ ಗೆರೆ ದಾಟಿದವರು ಯಾವ ತೊಂದರೆಯೂ ಕಾಣದೆ ವರ್ಷಗಟ್ಟಲೆ ಇರಬಹುದು. ತೂಕ ಇಳಿಯುವುದು, ದೃಷ್ಟಿ ಮಂಜಾಗುವುದು, ಗಾಯ ಬೇಗ ಮಾಯದಿರುವುದು, ಪಾದ ಜುಮುಗುಡುವುದು, ಇವೆಲ್ಲ ಬಹುಪಾಲು ತಡವಾಗಿ ತಲುಪುವ ನೋಟಿಸುಗಳು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ 13.6 ಕೋಟಿ ಪೂರ್ವ ಮಧುಮೇಹಿಗಳೂ ಇದ್ದಾರೆಂದು ಅಂದಾಜಿಸಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಎರಡನೆಯ ಸಂಖ್ಯೆಯೇ ಮುಖ್ಯವೆನಿಸುತ್ತದೆ. ಒಂದು ರಕ್ತ ಪರೀಕ್ಷೆಯ ಖರ್ಚಿಗೂ ಡಯಾಲಿಸಿಸ್‌ನ ಖರ್ಚಿಗೂ ಹೋಲಿಕೆಯೇ ಇಲ್ಲ. ಕಳೆದ ದೃಷ್ಟಿಗಂತೂ ಬೆಲೆ ಕಟ್ಟಲಾಗದು.

ಯಾರು ಎಚ್ಚರದಿಂದಿರಬೇಕು? ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ 2005ರಲ್ಲಿ ಪ್ರಕಟಿಸಿದ ಸರಳ ಸೂಚಿಯು ನಾಲ್ಕೇ ಅಂಶಗಳನ್ನು ಪರಿಗಣಿಸುತ್ತದೆ: ವಯಸ್ಸು, ಸೊಂಟದ ಸುತ್ತಳತೆ, ಮನೆತನದಲ್ಲಿ ಕಾಯಿಲೆ, ದೈಹಿಕ ಶ್ರಮ. ಟೈಲರ್‌ ಟೇಪು ಹಿಡಿದು ಮನೆಯಲ್ಲೇ ಲೆಕ್ಕ ಹಾಕಬಹುದು. 30 ವರ್ಷ ದಾಟಿದವರ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆ ಸೌಲಭ್ಯವೂ ಉಂಟು. ಆದರೆ ಅದು ಬಡವರಿಗಾಗಿ ಎಂದು ನಮ್ಮ ಮಧ್ಯಮ ವರ್ಗ ತೀರ್ಮಾನಿಸಿಬಿಟ್ಟಿದೆ. ಕಾರಿನ ಸರ್ವೀಸನ್ನು ತಪ್ಪದೆ ಮಾಡಿಸುವ ನಾವು ‘ನನಗೇನಾಗಿದೆ?’ ಎಂಬ ಪ್ರಶ್ನೆಯನ್ನೇ ಉತ್ತರವಾಗಿಸಿಕೊಂಡಿದ್ದೇವೆ.

ನನ್ನ ಎಡಗಣ್ಣಿಗೆ ಲೇಸರ್ ಚಿಕಿತ್ಸೆ ಆಯಿತು. ಉಳಿದ ದೃಷ್ಟಿಯನ್ನು ಕಾಪಾಡಿಕೊಳ್ಳುವುದೇ ಈಗಿನ ಗುರಿ. ಅದೇ ವಾರ ಮಡದಿಯನ್ನೂ ಪರೀಕ್ಷೆಗೆ ಕರೆದೊಯ್ದೆ. ನನ್ನ ತಂಬಿಗೆಯನ್ನು ಗಮನಿಸಿದವಳು ತನ್ನ ರಕ್ತವನ್ನು ಎಂದೂ ಪರೀಕ್ಷಿಸಿಕೊಂಡಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳಿಗೆ ದಾಹವಿರಲಿಲ್ಲ, ಆಯಾಸವಿರಲಿಲ್ಲ, ಯಾವ ಲಕ್ಷಣವೂ ಇರಲಿಲ್ಲ. ವರದಿಯಲ್ಲಿ ಮಾತ್ರ 114 ಎಂದಿತ್ತು. ಆ ಹಾಳೆಯನ್ನು ನಾವು ಕಡತಕ್ಕೆ ಸೇರಿಸಲಿಲ್ಲ. ಅಡುಗೆಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇವೆ.