ಬೆಳಕಿನ ನಡೆ : ಪ್ರತಿಫಲನ ಮತ್ತು ವಕ್ರೀಭವನ

ದೀಪವು ತನ್ನನ್ನೂ ತೋರಿ ಪರವಸ್ತುಗಳನ್ನೂ ತೋರುವುದೆಂದು ಶಾಸ್ತ್ರಜ್ಞರು ಹೇಳುವರು. ಆದರೆ ಬೆಳಕು ವಸ್ತುವನ್ನು ತೋರುವ ಬಗೆ ಯಾವುದು, ತೋರಿದುದೆಲ್ಲವೂ ಇದ್ದಂತೆಯೇ ಇರುವುದೇ ಎಂಬುದನ್ನು ಎಳೆಯ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು.

ಬೆಳಕು ಶೂನ್ಯಪ್ರದೇಶದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಿಂದ ಸಾಗುವುದು. ಎಲ್ಲೆಡೆಯೂ ಒಂದೇ ತೆರನಾದ ಮಾಧ್ಯಮದಲ್ಲಿ ಅದರ ನಡೆ ನೇರವಾದುದು. ಎರಡು ಮಾಧ್ಯಮಗಳು ಕೂಡುವ ಎಲ್ಲೆಯಲ್ಲಿ ಮಾತ್ರ ಅದರ ದಾರಿ ಬೇರೆಯಾಗುವುದು. ಎಲ್ಲೆಯನ್ನು ತಾಗಿ ಹಿಂದಿರುಗಿದರೆ ಪ್ರತಿಫಲನ. ಒಳಹೊಕ್ಕು ದಿಕ್ಕನ್ನು ಬದಲಿಸಿದರೆ ವಕ್ರೀಭವನ.

ಪ್ರತಿಫಲನದ ನಿಯಮ ಸರಳ. ಕಿರಣವು ತಾಗಿದ ಬಿಂದುವಿನಲ್ಲಿ ಕನ್ನಡಿಗೆ ಒಂದು ಲಂಬವನ್ನು ನಿಲ್ಲಿಸಿದರೆ, ಬಂದ ಕಿರಣವು ಆ ಲಂಬದೊಡನೆ ಎಷ್ಟು ಕೋನ ಮಾಡುವುದೋ ಹಿಂದಿರುಗುವ ಕಿರಣವೂ ಅಷ್ಟೇ ಕೋನ ಮಾಡುವುದು. ಶಿವಪೂಜೆಯ ವೇಳೆ ಅಂಗೈಯಲ್ಲಿರುವ ಇಷ್ಟಲಿಂಗದ ನುಣುಪಾದ ಕಪ್ಪು ಕಂತಿಯಲ್ಲಿ ದೀಪವು ಸಣ್ಣ ಚುಕ್ಕೆಯಾಗಿ ಹೊಳೆಯುವುದು ಈ ನಿಯಮದಿಂದಲೇ. ಅದರ ಉಬ್ಬಿದ ಮೇಲ್ಮೈ ಪೀನದರ್ಪಣದಂತೆ ವರ್ತಿಸಿ ಪ್ರತಿಬಿಂಬವನ್ನು ಕಿರಿದುಗೊಳಿಸುವುದು. ಸುಣ್ಣ ಬಳಿದ ಗೋಡೆಯೂ ಬೆಳಕನ್ನು ಹಿಂದಿರುಗಿಸುವುದಾದರೂ ಅದರ ಮೇಲ್ಮೈ ಒರಟಾದ್ದರಿಂದ ಕಿರಣಗಳು ನಾನಾ ದಿಕ್ಕಿಗೆ ಚೆದರುವುವು. ಆದುದರಿಂದ ಅಲ್ಲಿ ಪ್ರತಿಬಿಂಬ ಮೂಡದೆ ಗೋಡೆಯೇ ಕಾಣುವುದು. ಪುಸ್ತಕದ ಹಾಳೆ ಎತ್ತಣಿಂದ ನೋಡಿದರೂ ಕಾಣುವುದಕ್ಕೆ ಈ ಚೆದರುವಿಕೆಯೇ ಕಾರಣ.

ಇನ್ನು ವಕ್ರೀಭವನ. ಈ ಪದದ ರಚನೆಯೇ ಪಾಠ ಹೇಳುವಂತಿದೆ. ಶುದ್ಧೀಕರಣ, ದೃಢೀಕರಣ ಎಂಬ ಪದಗಳಂತೆ ಇದೂ ‘ಚ್ವಿ’ ಪ್ರತ್ಯಯದಿಂದಾದುದು. ಮೊದಲು ಹಾಗಿರದುದು ಹಾಗಾಗುವುದು ಎಂಬುದೇ ಅದರ ಅರ್ಥ. ನೇರವಾಗಿದ್ದುದು ವಕ್ರವಾಯಿತು. ಹಾಗೆಂದು ಕಿರಣವು ಬಿಲ್ಲಿನಂತೆ ಬಾಗುವುದೆಂದು ಭಾವಿಸಬಾರದು. ಅದು ಎಲ್ಲೆಯಲ್ಲಿ ಒಮ್ಮೆ ತಿರುಗಿ, ಮುಂದೆ ಮತ್ತೆ ನೇರವಾಗಿಯೇ ಸಾಗುವುದು.

ಹೀಗೆ ತಿರುಗಲು ವೇಗಭೇದವೇ ಕಾರಣ. ನೀರಿನಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 2.25 ಲಕ್ಷ ಕಿಲೋಮೀಟರಿಗೆ, ಎಂದರೆ ಮುಕ್ಕಾಲು ಪಾಲಿಗೆ ಇಳಿಯುವುದು. ಆದುದರಿಂದ ಗಾಳಿಯಿಂದ ನೀರಿಗೆ ಓರೆಯಾಗಿ ಹೊಕ್ಕ ಕಿರಣವು ಲಂಬದ ಕಡೆಗೆ ವಾಲುವುದು. ನೀರಿನಿಂದ ಗಾಳಿಗೆ ಬಂದುದು ಲಂಬದಿಂದ ದೂರ ಸರಿಯುವುದು. ಈ ತಿರುವಿನ ಗಣಿತವನ್ನು ಸುಮಾರು 984ರಲ್ಲಿಯೇ ಬಾಗ್ದಾದಿನ ಇಬ್ನ್ ಸಹ್ಲ್ ಅರಿತಿದ್ದನು. 1621ರಲ್ಲಿ ಹಾಲೆಂಡಿನ ಸ್ನೆಲ್ ಅದನ್ನು ಸ್ವತಂತ್ರವಾಗಿ ಕಂಡುಕೊಂಡನು; ಇಂದಿಗೂ ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಇದನ್ನು ತರಗತಿಯಲ್ಲಿಯೇ ತೋರಿಸಬಹುದು. ಬಟ್ಟಲಿನ ತಳದಲ್ಲಿ ಒಂದು ನಾಣ್ಯವನ್ನಿಟ್ಟು, ಅಂಚು ಅಡ್ಡಬಂದು ನಾಣ್ಯ ಮರೆಯಾಗುವವರೆಗೆ ವಿದ್ಯಾರ್ಥಿಯು ಹಿಂದೆ ಸರಿಯಲಿ. ಬಳಿಕ ಮತ್ತೊಬ್ಬನು ನಾಣ್ಯವು ಕದಲದಂತೆ ಮೆಲ್ಲಗೆ ನೀರೆರೆಯಲಿ. ಕಾಣದ ನಾಣ್ಯ ಕಾಣತೊಡಗುವುದು. ನಾಣ್ಯ ಮೇಲೇರಲಿಲ್ಲ, ಅದರಿಂದ ಹೊರಟ ಕಿರಣವು ನೀರಿನ ಮೇಲ್ಮೈಯಲ್ಲಿ ತಿರುಗಿ, ಅಂಚನ್ನು ದಾಟಿ ಕಣ್ಣನ್ನು ಸೇರಿತು. ಕಣ್ಣಾದರೋ ಕಿರಣವು ನೇರವಾಗಿಯೇ ಬಂದಿತೆಂದು ಎಣಿಸುವುದರಿಂದ ನಾಣ್ಯವು ಇದ್ದ ಎಡೆಗಿಂತ ಮೇಲೆ ತೋರುವುದು.

ಬಟ್ಟಲಿನಲ್ಲಿ ವಿನೋದವಾದ ಈ ತೋರಿಕೆಯು ಕೆರೆಯಲ್ಲಿ, ಕಲ್ಯಾಣಿಯಲ್ಲಿ ಪ್ರಾಣಾಪಾಯಕರ. ತಿಳಿನೀರಿನ ತಳವು ನೆಟ್ಟಗೆ ಮೇಲಿನಿಂದ ನೋಡಿದರೂ ನಿಜವಾದ ಆಳದ ಮುಕ್ಕಾಲು ಪಾಲಿನಲ್ಲಿ ಇರುವಂತೆ ಕಾಣುವುದು. ಆರು ಅಡಿಯ ನೀರು ನಾಲ್ಕೂವರೆ ಅಡಿಯೆಂದು ತೋರುವುದು. ಐದು ಅಡಿ ಎತ್ತರದ ಬಾಲಕನು ‘ಕುತ್ತಿಗೆಯವರೆಗೆ ಬಂದೀತು’ ಎಂದು ನಂಬಿ ಇಳಿದರೆ ನೀರು ಅವನ ತಲೆಯ ಮೇಲೆ ಒಂದು ಅಡಿ ನಿಲ್ಲುವುದು. ದಡದಿಂದ ಓರೆಯಾಗಿ ನೋಡುವವನಿಗೆ ಆಳವು ಇನ್ನೂ ಕಡಮೆಯಾಗಿ ತೋರುವುದು. ಈಜು ಬಾರದ ಮಕ್ಕಳು ಮೋಸಹೋಗುವ ಕಾರಣಗಳಲ್ಲಿ ಇದೂ ಒಂದು.

ಆದಕಾರಣ ಪ್ರತಿಫಲನ ವಕ್ರೀಭವನಗಳ ಪಾಠವು ಪರೀಕ್ಷೆಯ ಅಂಕಗಳಲ್ಲಿ ಮುಗಿಯತಕ್ಕುದಲ್ಲ. ಬಟ್ಟಲು, ನಾಣ್ಯ, ಒಂದು ತಂಬಿಗೆ ನೀರು ಇಷ್ಟಿದ್ದರೆ ಯಾವ ಹಳ್ಳಿಯ ಶಾಲೆಯಲ್ಲಾದರೂ ಅದನ್ನು ಕಣ್ಣಿಗೆ ಕಟ್ಟುವಂತೆ ಕಲಿಸಬಹುದು. ಕಣ್ಣು ಕಂಡ ಆಳಕ್ಕೆ ಅದರ ಮೂರನೆಯ ಒಂದು ಪಾಲನ್ನಾದರೂ ಕೂಡಿಸಿಯೇ ನೀರನ್ನು ಅಳೆಯಬೇಕೆಂಬ ವಿವೇಕವು ಮಗುವಿನಲ್ಲಿ ನೆಲೆಗೊಂಡರೆ ವಿದ್ಯೆಯು ಸಾರ್ಥಕವಾದಂತೆ.