ಮುನ್ಸೀಫಿಯಿಂದ ಜಿಲ್ಲಾ ನ್ಯಾಯಪೀಠಕ್ಕೆ

ಜನರು ಹಿಂದೆ ಮುನ್ಸೀಫರೆಂದು ಕರೆಯುತ್ತಿದ್ದ ಸಿವಿಲ್ ನ್ಯಾಯಾಧೀಶರು ಜಿಲ್ಲಾ ಪೀಠವನ್ನೇರುವ ಮಾರ್ಗ ದೀರ್ಘವಾದುದು: ಕಿರಿಯ ಶ್ರೇಣಿ, ಹಿರಿಯ ಶ್ರೇಣಿ, ನಡುವೆ ಊರೂರಿಗೆ ವರ್ಗ. ಸಂವಿಧಾನದ 233ನೆಯ ವಿಧಿಯಾದರೋ ಏಳು ವರ್ಷ ವಕೀಲಿ ನಡೆಸಿದವರಿಗೆ ನೇರ ಬಾಗಿಲನ್ನೂ ತೆರೆದಿದೆ. ಸುಪ್ರೀಂ ಕೋರ್ಟಿನ ನಿರ್ದೇಶದಂತೆ ಜಿಲ್ಲಾ ನ್ಯಾಯಾಧೀಶರ ಹುದ್ದೆಗಳಲ್ಲಿ ನೂರಕ್ಕೆ 50 ಬಡ್ತಿಗೆ, 25 ಸೀಮಿತ ಪರೀಕ್ಷೆಗೆ, 25 ನೇರ ನೇಮಕಕ್ಕೆ. 2020ರ ತೀರ್ಪು ಈ ಕೊನೆಯ ಪಾಲನ್ನು ವಕೀಲರಿಗೇ ಉಳಿಸಿತ್ತು. 2025ರ ಅಕ್ಟೋಬರಿನಲ್ಲಿ ಸಂವಿಧಾನ ಪೀಠವು ಅದನ್ನು ತಳ್ಳಿಹಾಕಿ, ವಕೀಲಿಯೂ ನ್ಯಾಯಾಧಿಕಾರವೂ ಕೂಡಿ ಏಳು ವರ್ಷದ ಅನುಭವವುಳ್ಳ, 35 ವಯಸ್ಸು ತುಂಬಿದ ಸೇವಾನಿರತ ನ್ಯಾಯಾಧೀಶರಿಗೂ ಸ್ಪರ್ಧಿಸುವ ಹಕ್ಕನ್ನಿತ್ತಿತು. ಇದು ಕೇವಲ ನೌಕರಿಯ ಪ್ರಶ್ನೆಯಲ್ಲ. ತಾಲ್ಲೂಕಿನ ಹೊಲಗದ್ದೆಗಳ ವ್ಯಾಜ್ಯವನ್ನು ಜನರ ನುಡಿಯಲ್ಲಿಯೇ ಆಲಿಸಿ ಪಡೆದ ಅನುಭವವು ನಿವೃತ್ತಿಯ ಅಂಚಿನಲ್ಲಲ್ಲ, ನಡುವಯಸ್ಸಿನಲ್ಲಿಯೇ ಮೇಲಣ ಪೀಠವನ್ನು ಮುಟ್ಟಬೇಕಾದರೆ ಈ ಬಾಗಿಲು ತೆರೆದಿರುವುದು ಅವಶ್ಯ.