ವೇಗಿಗಳ ಬೆನ್ನೇಕೆ ಬಿರುಕು ಬಿಡುತ್ತದೆ?

2019ರ ಸೆಪ್ಟೆಂಬರ್‌ನಲ್ಲಿ ಭಾರತದ ವೇಗಿ ಜಸ್‌ಪ್ರೀತ್ ಬುಮ್ರಾ ಅವರ ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕೊಂದು ಪತ್ತೆಯಾಯಿತು. ಅವರು ಮೈದಾನದಲ್ಲಿ ಬಿದ್ದಿರಲಿಲ್ಲ, ಯಾರಿಗೂ ಡಿಕ್ಕಿ ಹೊಡೆದಿರಲಿಲ್ಲ. ಅದು ಕಂಡದ್ದು ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ. ಮೂರು ವರ್ಷಗಳ ನಂತರ ಬೆನ್ನು ಮತ್ತೆ ಕೈಕೊಟ್ಟು 2022ರ ಟಿ20 ವಿಶ್ವಕಪ್ ತಪ್ಪಿತು. 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ಆಗಸ್ಟ್‌ನಲ್ಲಿ ಡಬ್ಲಿನ್ ಸಮೀಪ ಐರ್ಲೆಂಡ್ ವಿರುದ್ಧ ಅವರು ಮರಳಿ ಚೆಂಡು ಹಿಡಿದಾಗ, ಅದೇ ಪಂದ್ಯದಲ್ಲಿ ಕರ್ನಾಟಕದ ವೇಗಿ ಪ್ರಸಿದ್ಧ್ ಕೃಷ್ಣ ಕೂಡ ವಾಪಸಾದರು. ಅವರನ್ನು ಸುಮಾರು ಒಂದು ವರ್ಷ ಹೊರಗಿಟ್ಟದ್ದೂ ಸೊಂಟದ ಮೂಳೆಯ ಇಂಥದೇ ಬಿರುಕು.

ಇದಕ್ಕೆ ವೈದ್ಯರು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಒಂದೇ ಏಟಿಗೆ ಮುರಿಯುವ ಮೂಳೆಯ ಕತೆ ಬೇರೆ, ಇದರದೇ ಬೇರೆ. ವೇಗದ ಬೌಲರ್ ಓಡಿಬಂದು ಮುಂಗಾಲನ್ನು ಊರಿದಾಗ ನೆಲ ಅವನ ದೇಹತೂಕದ ಐದು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಬಲದಿಂದ ಮೇಲಕ್ಕೆ ಒತ್ತುತ್ತದೆ. ಸರಿಯಾಗಿ ಆ ಹೊತ್ತಿಗೇ ಅವನ ಮುಂಡ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತಿರುತ್ತದೆ. ಈ ಮೂರೂ ಸೇರಿ ಭಾರ ಬೀಳುವುದು ಸೊಂಟದ ಕಶೇರುವಿನ ಹಿಂಬದಿಯ ತೆಳ್ಳನೆಯ ಭಾಗದ ಮೇಲೆ. ಬಲಗೈ ಬೌಲರ್ ವಾಲುವುದು ಎಡಕ್ಕೆ, ಅವನಿಗೆ ಹೆಚ್ಚಾಗಿ ಎಡಬದಿಯಲ್ಲೇ ನೋವು ಶುರುವಾಗುವುದು ಇದರಿಂದಲೇ.

ಹತ್ತಿಪ್ಪತ್ತು ಎಸೆತಗಳಿಂದ ಏನೂ ಆಗುವುದಿಲ್ಲ. ಮೂಳೆ ಜೀವಂತ ಅಂಗ. ಸವೆದ ಭಾಗವನ್ನು ದೇಹ ಕೆರೆದು ತೆಗೆದು ಹೊಸದನ್ನು ಕಟ್ಟುತ್ತದೆ. ಆದರೆ ಕೆರೆಯುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ಆ ನಡುವಿನ ಅವಧಿಯಲ್ಲಿ ಬೌಲಿಂಗ್ ಹೊರೆ ಏರಿಸುವುದು, ಅಗೆದ ರಸ್ತೆಗೆ ಡಾಂಬರು ಬೀಳುವ ಮೊದಲೇ ಲಾರಿ ಬಿಟ್ಟಂತೆ.

ಈ ನಿಧಾನವೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಒಂದು ಪಂದ್ಯದಲ್ಲಿ 50ಕ್ಕಿಂತ ಹೆಚ್ಚು ಓವರ್ ಎಸೆದ ವೇಗಿಗಳಿಗೆ ಮುಂದಿನ ಮೂರು ವಾರ ಗಾಯದ ಅಪಾಯ ಹೆಚ್ಚೆಂದು ಆಸ್ಟ್ರೇಲಿಯಾದ ಸಂಶೋಧಕರು 2009ರಲ್ಲಿ ತೋರಿಸಿದರು. ಅತಿಯಾಗಿ ದುಡಿದದ್ದು ಒಂದು ಊರಲ್ಲಿ, ನೋವು ಕಾಣಿಸಿಕೊಳ್ಳುವುದು ಇನ್ನೊಂದು ಊರಲ್ಲಿ. ಆಗ ಬೈಗುಳ ಬೀಳುವುದು ಆ ದಿನದ ಪಿಚ್‌ಗೆ ಅಥವಾ ಹಣೆಬರಹಕ್ಕೆ.

ಆಸ್ಟ್ರೇಲಿಯಾದ ವೇಗಿ ಡೆನಿಸ್ ಲಿಲ್ಲಿ ಅವರ ಕತೆ ಇಲ್ಲಿ ಹೇಳಲೇಬೇಕು. 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಅವರ ಬೆನ್ನುಮೂಳೆ ಬಿರುಕುಬಿಟ್ಟಿತು. ವಾರಗಟ್ಟಲೆ ಮುಂಡಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡರು. ಇನ್ನು ವೇಗದ ಬೌಲಿಂಗ್ ಮುಗಿಯಿತು ಎಂದೇ ಹಲವರು ತಿಳಿದಿದ್ದರು. ಪರ್ತ್‌ನ ವಿಶ್ವವಿದ್ಯಾಲಯದಲ್ಲಿದ್ದ ಫ್ರಾಂಕ್ ಪೈಕ್ ಅವರ ಮಾರ್ಗದರ್ಶನದಲ್ಲಿ ಲಿಲ್ಲಿ ದೇಹವನ್ನು ತಿಂಗಳುಗಟ್ಟಲೆ ಹಂತಹಂತವಾಗಿ ಗಟ್ಟಿಮಾಡಿಕೊಂಡರು, 1974–75ರ ಆಶಸ್ ಸರಣಿಗೆ ಮರಳಿದರು. ಅವರ 355 ಟೆಸ್ಟ್ ವಿಕೆಟ್‌ಗಳಲ್ಲಿ ಬಹುಪಾಲು ಬಂದದ್ದು ಆಮೇಲೆ.

ಬೌಲಿಂಗ್ ಶೈಲಿಯೂ ಕಾರಣವೆಂಬುದು ಮುಂದೆ ಖಚಿತವಾಯಿತು. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಗುವ ಮಿಶ್ರ ಶೈಲಿ ಬೆನ್ನಿಗೆ ಕೆಟ್ಟದ್ದು. ತರಬೇತುದಾರರು ಇದನ್ನು ಚಿಕ್ಕ ವಯಸ್ಸಿನಲ್ಲೇ ಗಮನಿಸಿದರೆ ತಿದ್ದುವುದು ಸುಲಭ.

ಹೆಚ್ಚು ಕಾಳಜಿ ಬೇಕಾದದ್ದು ಮಕ್ಕಳ ಬಗ್ಗೆಯೇ. ಸೊಂಟದ ಮೂಳೆ ಪೂರ್ಣ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಅದಕ್ಕೇ ಇಂಗ್ಲೆಂಡ್‌ನ ಕ್ರಿಕೆಟ್ ಮಂಡಳಿ 13 ವರ್ಷದೊಳಗಿನ ವೇಗಿಗಳಿಗೆ ಒಂದು ಸ್ಪೆಲ್‌ನಲ್ಲಿ 5, ದಿನಕ್ಕೆ 10 ಓವರ್‌ಗಳ ಮಿತಿ ಹಾಕಿತು. 15ರೊಳಗಿನವರಿಗೆ 6 ಮತ್ತು 12. ನಮ್ಮಲ್ಲಿ ಚೆನ್ನಾಗಿ ಎಸೆಯುವ ಹುಡುಗನಿಗೆ ಬಿಡುವೇ ಸಿಗುವುದಿಲ್ಲ. ಶಾಲೆ ತಂಡ, ಕ್ಲಬ್, ಅಕಾಡೆಮಿ ನೆಟ್ಸ್, ಭಾನುವಾರದ ಟೆನಿಸ್‌ಬಾಲ್ ಟೂರ್ನಿ, ಎಲ್ಲಕ್ಕೂ ಅವನೇ ಬೇಕು. ನಾಲ್ಕೂ ಕಡೆಯ ಎಸೆತಗಳನ್ನು ಕೂಡಿಸಿ ನೋಡುವವರು ಮಾತ್ರ ಯಾರೂ ಇಲ್ಲ. ಈ ಕೂಡಿಸುವ ಕೆಲಸಕ್ಕೆ ದುಬಾರಿ ಯಂತ್ರ ಬೇಡ, ಒಂದು ನೋಟ್‌ಬುಕ್ ಸಾಕು. ಪರೀಕ್ಷೆ ರಜೆ ಮುಗಿಸಿ ಬಂದವನು ಮೊದಲ ವಾರವೇ ಪೂರ್ಣ ವೇಗದಲ್ಲಿ ಎಸೆಯದೆ, ಎಸೆತಗಳನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು.

ಎಚ್ಚರಿಕೆಯ ಗುರುತುಗಳೂ ಇವೆ. ಸೊಂಟದ ಒಂದೇ ಬದಿಯಲ್ಲಿ ನೋವು, ಬೌಲಿಂಗ್ ಮಾಡಿದಾಗ ಹೆಚ್ಚು, ಮಲಗಿದಾಗ ಕಡಿಮೆ. ಒಂಟಿಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದರೆ ಚುಚ್ಚುತ್ತದೆ. ಇಂಥ ಹುಡುಗನಿಗೆ ನೋವಿನ ಮುಲಾಮು ಹಚ್ಚಿ ಮುಂದಿನ ಪಂದ್ಯ ಆಡಿಸುವುದೇ ದೊಡ್ಡ ಅನ್ಯಾಯ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ಸುಮ್ಮನಾಗುವಂತಿಲ್ಲ, ಆರಂಭದ ಬಿರುಕು ಅದರಲ್ಲಿ ಹಲವು ಬಾರಿ ಕಾಣುವುದೇ ಇಲ್ಲ. ಎಂಆರ್‌ಐಯಲ್ಲಾದರೆ ಮೂಳೆ ಬಿರಿಯುವ ಮೊದಲಿನ ಊತವೇ ಕಾಣಬಹುದು. ಆ ಹಂತದಲ್ಲಿ ಬೌಲಿಂಗ್ ನಿಲ್ಲಿಸಿದರೆ ಗುಣವಾಗಲು ಬೇಕಾಗುವ ಸಮಯವೂ ಕಡಿಮೆ.